ಕಂಪ್ಲಿ ಬಸ್ಸು ಮತ್ತು ನಮ್ಮ ಮಾವನ ಅಧ್ಯಕ್ಷಗಿರಿ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮ ಅತ್ತೆ. ಅದನ್ನು ಮನೆಯೊಳಗೆ ಮೆಲ್ಲಗೆ ಹೇಳಿದ್ದರೆ ಮುಂದಿನ ಅನಾಹುತ ಯಾವುದೂ ಆಗುತ್ತಿರಲಿಲ್ಲವೋ ಏನೋ. ಅವರು ಕಂಪ್ಲಿ ಬಸ್ಸಿನ ಕಿಟಕಿಯಿಂದ ಅರ್ಧ ತಲೆ ಹೊರಗೆ ಹಾಕಿ, ಕೆಳಗೆ ನಿಂತಿದ್ದ ಮಾವನಿಗೂ ಬಸ್ಸಿನೊಳಗೆ ಕೂತವರಿಗೂ ಒಟ್ಟಿಗೇ ಕೇಳುವ ಹಾಗೆ ಹೇಳಿದರು:

"ನೀವು ಅಧ್ಯಕ್ಷ ಆಗೂದಾ? ನಮ್ಮ ಓಣಿ ಮಂದಿಗೆ ಅಷ್ಟರ ಬುದ್ಧಿ ಐತಿ ಬಿಡ್ರಿ."

ಎರಡನೆಯದಾಗಿ ಹೇಳಿದವರು ಓಣಿಯ ನಿವೃತ್ತ ಮೇಷ್ಟ್ರು. ಮೂರನೆಯದಾಗಿ ಹೇಳಿದವಳು ನಾನು. ಮೇಷ್ಟ್ರಿಗೆ ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಅನುಭವವಿತ್ತು. ನಾನು ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದೆ. ಅತ್ತೆಯಂತೂ ಮಾವನ ಜೊತೆಗೇ ಸಂಸಾರ ಮಾಡಿದವರು. ಮೂರೂ ವಿದ್ಯೆಗಳು ಒಂದೇ ಸಲ ಸುಳ್ಳಾದವು. ಮಾವ ಗೆದ್ದರು!

ಪರದೇಶದ ಅಧ್ಯಕ್ಷರ ಕಾರಣದಿಂದ ಹೆಂಡತಿ ತವರಿಗೆ ಹೋದ ಗಂಡಸು ಇಡೀ ಹೊಸಪೇಟೆಯಲ್ಲಿ ನಮ್ಮ ಮಾವ ಒಬ್ಬರೇ ಇರಬೇಕು. ಬೇರೆಯವರ ಮನೆಯಲ್ಲಿ ಕುಡಿತ, ಇಸ್ಪೀಟು, ಅತ್ತೆ-ಸೊಸೆ ಜಗಳ ಎಂದೆಲ್ಲ ಕಾರಣಗಳಿರುತ್ತವೆ. ನಮ್ಮ ಮನೆಯಲ್ಲಿ ಕಾರಣ ಅಮೆರಿಕ.

ಮಾವ ಎಂದರೆ ನಮ್ಮ ಅವ್ವನ ಅಣ್ಣ. ಗಣಿ ಕಂಪನಿಯ ಬಸ್ಸಿನ ಡ್ರೈವರ್ ಆಗಿದ್ದವರು. ಮುಂಜಾನೆ ಹೊಸಪೇಟೆಯಿಂದ ಕೆಲಸಗಾರರನ್ನು ತುಂಬಿಕೊಂಡು ಸಂಡೂರಿನ ಗುಡ್ಡ ಹತ್ತಿ ಯಶವಂತನಗರಕ್ಕೆ ಹೋಗುವುದು, ಸಂಜೆ ಅದಿರಿನ ಧೂಳಿಗೆ ಬಸ್ಸೂ ತಾವೂ ಕೆಂಪಗಾಗಿ ವಾಪಸು ಬರುವುದು. ಒಂದು ಕಾಲಕ್ಕೆ ಗಣಿಗಳು ನಿಂತವು, ಬಸ್ಸೂ ನಿಂತಿತು. ಆಮೇಲೆ ಕೆಲವು ಗಣಿಗಳು ಮತ್ತೆ ಶುರುವಾದವು. ಬಸ್ಸಿಗೆ ಮಾತ್ರ ಹೊಸ ಡ್ರೈವರ್ ಬಂದಿದ್ದ. ಮನೆಯಲ್ಲಿ ಕೂತ ಮಾವನ ಕೈಗೆ ಸ್ಟೇರಿಂಗ್ ಬದಲು ಮೊಬೈಲ್ ಬಂತು. ಮೊಬೈಲಿನೊಳಗಿಂದ ಅಮೆರಿಕದ ಅಧ್ಯಕ್ಷರು ಬಂದರು.

ಮಾವನಿಗೆ ಇಂಗ್ಲಿಷ್ ಬಾರದು. ಅಧ್ಯಕ್ಷರ ಭಾಷಣಕ್ಕೆ ಕನ್ನಡದಲ್ಲಿ ಗಂಟಲು ಹರಿದುಕೊಂಡು ವಿವರಣೆ ಕೊಡುವ ವಿಡಿಯೊಗಳಿದ್ದವಲ್ಲ, ಅವು ಸಾಕಾಗಿದ್ದವು. ಮುಂಜಾನೆ ಚಹಾಕ್ಕೆ ಮೊದಲು ಒಂದು, ಸ್ನಾನಕ್ಕೆ ಮೊದಲು ಒಂದು, ಊಟಕ್ಕೆ ಕೂತರೆ ತಾಟಿನ ಪಕ್ಕ ಚೆಂಬಿಗೆ ಒರಗಿಸಿ ಇನ್ನೊಂದು. ನಾನು ಒಮ್ಮೆ ಕೇಳಿದೆ, "ಮಾವಾ, ಅವರು ನಮಗೇನು ಸಂಬಂಧ?"

"ಮುಚ್ಚಿದ ಗಣಿ ತೆರಸ್ತೀನಿ, ಹೋದ ಕೆಲಸ ವಾಪಸ್ ತರ್ತೀನಿ, ಎಲ್ಲಾ ಮೊದಲಿನಂಗ ಮಾಡ್ತೀನಿ ಅಂತಾನವಾ ಆತ. ಹಂಗ ಬಾಯಿಬಿಟ್ಟು ಹೇಳಾಕ ನಮ್ಮ ಕಡಿಗೆ ಯಾರ ಅದಾರ ಹೇಳು?"

ನನ್ನ ಅಪ್ಪನೂ ಅದೇ ಗುಡ್ಡದಲ್ಲಿ ಅದಿರು ತುಂಬಿದವನು. ಗಣಿ ನಿಂತ ವರ್ಷ ನಮ್ಮ ಮನೆಯಲ್ಲಿ ಒಲೆ ಹೇಗೆ ಉರಿಯಿತು ಎಂದು ನನಗೆ ಗೊತ್ತು. ನಾನು ಕಾಲೇಜಿಗೆಂದು ಹೊಸಪೇಟೆಗೆ ಬಂದು ಮಾವನ ಮನೆಯಲ್ಲಿ ಉಳಿದದ್ದೇ ಅತ್ತೆಯ ಹಟದಿಂದ. "ಆಕಿ ಓದ್ಲಿ, ನಮ್ಮ ಮನ್ಯಾಗ ಇರ್ಲಿ, ನಮಗೇನು ಮಕ್ಕಳಾ ಮರೀನಾ" ಎಂದು ಅವ್ವನ ಕೈಯಿಂದ ನನ್ನನ್ನು ಹೆಚ್ಚೂಕಡಿಮೆ ಕಸಿದುಕೊಂಡೇ ಬಂದಿದ್ದರು. ನಮ್ಮ ವಂಶದಲ್ಲಿ ಕಾಲೇಜಿನ ಬಾಗಿಲು ಕಂಡವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ನೀವು ಕೇಳದಿದ್ದರೂ ಹೇಳುತ್ತೇನೆ.

ಹೀಗಿರುವಾಗ ಕಂಪ್ಲಿಯಲ್ಲಿ ಅತ್ತೆಯ ತಾಯಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅತ್ತೆ ಬಟ್ಟೆ ಚೀಲ ತುಂಬಿಕೊಂಡು ಹೊರಟು ನಿಂತಾಗ ಮಾವ ತಲೆ ಎತ್ತದೆ ಮೊಬೈಲ್ ನೋಡುತ್ತಿದ್ದರು. ಆ ಹೊತ್ತಿನಲ್ಲಿ ಅಮೆರಿಕದಲ್ಲಿ ಏನೋ ಗಡಿ ಗೋಡೆಯ ವಿಷಯ ನಡೆದಿತ್ತು. ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು: "ಈ ಮನ್ಯಾಗ ಒಬ್ಬ ಪ್ರೆಸಿಡೆಂಟ್ ಇರ್ತಾನ, ಇಲ್ಲಾ ನಾ ಇರ್ತೀನಿ. ನೋಡ್ರಿ ನಿಮಗ ಹ್ಯಾಂಗ ಅನುಕೂಲ."

ಇಷ್ಟು ಸ್ಪಷ್ಟವಾದ ಮಾತನ್ನು ತಪ್ಪಾಗಿ ತಿಳಿದುಕೊಳ್ಳುವುದಕ್ಕೆ ಪ್ರತಿಭೆ ಬೇಕು. ಮಾವನಿಗೆ ಅದು ಹುಟ್ಟಿನಿಂದಲೇ ಇತ್ತು. ಬಸ್ ಸ್ಟಾಪಿನ ತನಕ ಚೀಲ ಹೊತ್ತುಕೊಂಡು ಹೋಗುವಷ್ಟರಲ್ಲಿ ಅವರಿಗೆ ಒಂದು ಜ್ಞಾನೋದಯವಾಯಿತು: ಹೆಂಡತಿಗೆ ಬೇಸರವಾದದ್ದು ಯಾರೋ ಅಧ್ಯಕ್ಷನ ಮೇಲಲ್ಲ, ತನ್ನ ಗಂಡ ಅಧ್ಯಕ್ಷನಲ್ಲವಲ್ಲ ಎಂಬುದರ ಮೇಲೆ! "ನಾನೂ ಅಧ್ಯಕ್ಷ ಆಗಿ ತೋರಸ್ತೀನಿ. ಅವತ್ತು ನೀನ ಓಡಿಕೊಂಡು ಬರ್ತೀಯ" ಎಂದು ಕಿಟಕಿಯ ಕೆಳಗಿನಿಂದ ಸಾರಿದರು. ಕಿಟಕಿಯ ಮೇಲಿನಿಂದ ಬಂದ ಉತ್ತರವನ್ನು ಆಗಲೇ ಹೇಳಿದ್ದೇನೆ.

ಮುದುಕಿಯ ಸೊಂಟ ಕೂಡಿತು. ಎದ್ದು ಓಡಾಡಿ, ಪಕ್ಕದ ಮನೆಯವರ ಜಗಳಕ್ಕೂ ಹೋಗಿ ಬರುವಷ್ಟು ಗಟ್ಟಿಯಾದರು. ಅತ್ತೆ ಮಾತ್ರ ಬರಲಿಲ್ಲ.

ನಮ್ಮ ಕಾಲುವೆ ಓಣಿಗೆ ಒಂದು ಹಿತರಕ್ಷಣಾ ಸಂಘವಿದೆ. ನಲ್ಲಿ ನೀರು, ಬೀದಿ ದೀಪ, ಗಣಪತಿ ಹಬ್ಬ ಇಷ್ಟೇ ಅದರ ಸಾಮ್ರಾಜ್ಯ. ಅದರ ಅಧ್ಯಕ್ಷ ಸ್ಥಾನಕ್ಕೆ ಯಾವಾಗಲೂ ನಿವೃತ್ತ ಮೇಷ್ಟ್ರನ್ನೇ ಕೂರಿಸುತ್ತಿದ್ದರು, ಯಾಕೆಂದರೆ ಬೇರೆ ಯಾರಿಗೂ ಬೇಕಿರಲಿಲ್ಲ. ಆ ವರ್ಷ ಮಾವ ಎದುರು ನಿಂತರು. ಪ್ರಚಾರಕ್ಕೆ ಒಂದೇ ಶಬ್ದ: "ಮೊದಲಿನಂಗ!" ಮೇಷ್ಟ್ರಿಗೆ "ನಿದ್ದಿ ಮಾಸ್ತರ" ಎಂದು ಹೆಸರಿಟ್ಟರು. ಪಾಪ, ಮೇಷ್ಟ್ರು ಸಭೆಯಲ್ಲಿ ಕಣ್ಣು ಮುಚ್ಚಿ ಯೋಚಿಸುವವರು. ಅವರು ಯೋಚಿಸಿದಾಗಲೆಲ್ಲ ಜನ ನಗತೊಡಗಿದರು. ಅವರು ನಲ್ಲಿಯ ವಾಲ್ವಿನ ದುರಸ್ತಿಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಮಾವ ಐದೇ ನಿಮಿಷ ಮಾತಾಡಿದರು: ಗಣಿ ನಡೆಯುವಾಗ ಈ ಓಣಿ ಹೇಗಿತ್ತು, ಸಂಜೆ ಬಸ್ಸು ಇಳಿದ ಗಂಡಸರ ಕೈಯಲ್ಲಿ ಮಲ್ಲಿಗೆ ಇರುತ್ತಿತ್ತು, ಮಿರ್ಚಿ ಅಂಗಡಿಯವನು ಎಣ್ಣೆ ಆರಲು ಬಿಡುತ್ತಿರಲಿಲ್ಲ, ಯಾರ ಮನೆಗೂ ಬೀಗ ಇರಲಿಲ್ಲ, ಯಾರೂ ಊರು ಬಿಟ್ಟು ಹೋಗಿರಲಿಲ್ಲ. "ಹೋದೋರ್ನೆಲ್ಲ ವಾಪಸ್ ಕರಸ್ತೀನಿ" ಎಂದರು. ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಂಡರು. ಆ ಮಾತನ್ನು ಅವರು ಯಾರಿಗೆ ಹೇಳುತ್ತಿದ್ದಾರೆಂದು ಓಣಿಗೆಲ್ಲ ಗೊತ್ತಿತ್ತು. ಆದರೂ ಓಟು ಹಾಕಿದರು. ಇದನ್ನು ನನ್ನ ಯಾವ ಪಠ್ಯಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ಗೆದ್ದ ಮರುದಿನದಿಂದ ಆದೇಶಗಳು ಶುರುವಾದವು. ದಪ್ಪ ಮಾರ್ಕರ್ ಪೆನ್ನು ತಂದರು. ಬಿಳಿ ಹಾಳೆಯ ಅರ್ಧಕ್ಕೆ ಆದೇಶ, ಇನ್ನರ್ಧಕ್ಕೆ ಸಹಿ. ಸಹಿ ಮಾಡಿದ ಮೇಲೆ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೋರಿಸುವುದು. ನಾನು ಫೋಟೊ ತೆಗೆಯಬೇಕು. ತೆಗೆದ ಫೋಟೊವನ್ನು ಅತ್ತೆಯ ಫೋನಿಗೆ ಕಳಿಸಬೇಕು. ಇದು ಆದೇಶದ ಬಹುಮುಖ್ಯ ಭಾಗ.

"ಏನಂದ್ಳು?"

"ಏನೂ ಅಂದಿಲ್ಲ ಮಾವಾ. ನೋಡ್ಯಾರ."

"ನೋಡ್ಯಾಳಲ್ಲ. ಭಾಳ ಪರಿಣಾಮ ಆಗಿರ್ತೈತಿ."

ಮೊದಲ ಆದೇಶವೇ ಹಿಂದಿನ ಓಣಿಯ ಜೊತೆಗಿನ ಗಣಪತಿ ಒಪ್ಪಂದದಿಂದ ಹೊರಬರುವುದು. ಎರಡೂ ಓಣಿ ಕೂಡಿ ಒಂದೇ ಗಣಪತಿ ಕೂರಿಸುವುದು ಹಳೆಯ ರೂಢಿ. "ನಮ್ಮದ ಜಾಸ್ತಿ ಖರ್ಚು, ಅವರದ ಜಾಸ್ತಿ ಕುಣಿತ. ಇದು ಮೋಸದ ಒಪ್ಪಂದ" ಎಂದು ಮಾವ ಹೊರಬಂದರು. ಹೊರಬಂದ ಮೇಲೆ ತಿಳಿದದ್ದೇನೆಂದರೆ ಪೆಂಡಾಲು, ಲೈಟಿನ ಸರ, ಡೊಳ್ಳು ಮೂರೂ ಹಿಂದಿನ ಓಣಿಯವರವು. ನಮ್ಮದು ಬರೀ ಗಣಪತಿ ಕೂರುವ ಚೌರಂಗ. ಆ ವರ್ಷ ನಮ್ಮ ಗಣಪತಿ ಇಸ್ತ್ರಿ ಅಂಗಡಿಯ ಮುಂದೆ, ಇಸ್ತ್ರಿ ಅಂಗಡಿಯ ಒಂದೇ ಬಲ್ಬಿನ ಬೆಳಕಿನಲ್ಲಿ, ಯಾರದೋ ಮದುವೆಗೆ ಹೊರಟು ಅಂಗಿಯ ಇಸ್ತ್ರಿಗೆ ಕಾದವರ ಹಾಗೆ ಕೂತಿದ್ದ. ಹಿಂದಿನ ಓಣಿಯಲ್ಲಿ ಡೊಳ್ಳು ಬಡಿಯುತ್ತಿತ್ತು. ಮಾವ ಹೇಳಿದರು, "ಶಾಂತಿ ಐತಿ ನೋಡು. ಇಷ್ಟು ಶಾಂತವಾದ ಗಣಪತಿ ಇಡೀ ಜಿಲ್ಲಾದಾಗ ಇಲ್ಲ."

ಎರಡನೆಯದು ಸುಂಕ. ಹೊರಗಿನಿಂದ ಓಣಿಗೆ ಬರುವ ಯಾವ ಸರಕೇ ಇರಲಿ, ಓಣಿಯ ಬಾಯಲ್ಲಿ ಒಂದು ಪಾಲು ಸಂಘಕ್ಕೆ ಕೊಟ್ಟು ಒಳಗೆ ಬರಬೇಕು. ಇಸ್ತ್ರಿ ಅಂಗಡಿಯವರೇ ಸುಂಕದ ಅಧಿಕಾರಿ, ಯಾಕೆಂದರೆ ಅವರ ಅಂಗಡಿ ಓಣಿಯ ಬಾಯಲ್ಲಿತ್ತು. ಬುಕ್ಕಸಾಗರದಿಂದ ಬುಟ್ಟಿ ಹೊತ್ತು ಬರುವ ಬಾಳೆಹಣ್ಣಿನಮ್ಮ ಮೊದಲ ದಿನ ಒಂದು ಚಿಪ್ಪು ಕೊಟ್ಟರು. ಎರಡನೆಯ ದಿನ ಓಣಿಯೊಳಗೆ ಬರಲೇ ಇಲ್ಲ, ಬಾಯಲ್ಲೇ ಬುಟ್ಟಿ ಇಳಿಸಿ ಕೂತರು. ನಮ್ಮ ಓಣಿಯ ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಅಲ್ಲಿಗೇ ಹೋಗಬೇಕಾಯಿತು. ಮೊಸರಿನವರೂ ಸೊಪ್ಪಿನವರೂ ಬುಟ್ಟಿಯ ಪಕ್ಕ ಬುಟ್ಟಿ ಇಟ್ಟರು. ವಾರದೊಳಗೆ ಓಣಿಯ ಬಾಯಲ್ಲಿ ಒಂದು ಸಂತೆಯೇ ನೆರೆಯಿತು, ಹಿಂದಿನ ಓಣಿಯವರೂ ಅಲ್ಲಿಗೇ ಬರತೊಡಗಿದರು. ಹೆಂಗಸರು ದೂರು ಕೊಂಡೊಯ್ದರೆ ಮಾವ ಸಂತೆಯ ಕಡೆ ಕೈ ತೋರಿಸಿ, "ವ್ಯಾಪಾರ ಹ್ಯಾಂಗ ಬೆಳದೈತಿ ನೋಡ್ರಿ" ಎಂದರು.

ಆದರೆ ಸುಂಕ ಕೊನೆಗೆ ಬಂದು ಬಡಿದದ್ದು ನಮ್ಮ ಮನೆಗೇ. ಅತ್ತೆ ಮಾವನ ಜೊತೆ ಮಾತು ಬಿಟ್ಟಿದ್ದರೂ ನನಗೆ ರೊಟ್ಟಿ ಬಿಟ್ಟಿರಲಿಲ್ಲ. ವಾರಕ್ಕೊಮ್ಮೆ ಕಂಪ್ಲಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಗಂಟು ಕಳಿಸುತ್ತಿದ್ದರು: ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ. ಒಂದು ಬುಧವಾರ ಆ ಗಂಟು ಹಿಡಿದು, ಸಂತೆಯಲ್ಲಿ ಸೊಪ್ಪು ಕೊಂಡು ಓಣಿಯ ಬಾಯಿಂದ ಬರುತ್ತಿದ್ದ ನನ್ನನ್ನು ಇಸ್ತ್ರಿ ಅಂಗಡಿಯವರು ತಡೆದರು.

"ಎಲ್ಲಿ ಮಾಲವಾ ಇದು?"

"ಕಾಕಾ, ನಮ್ಮತ್ತಿ ರೊಟ್ಟಿ."

"ಕಂಪ್ಲಿ ಮಾಲು. ಒಂದು ಪಾಲು ಬಿಚ್ಚು. ಆದೇಶ ಆದೇಶನ ಮತ್ತ."

ಬಿಚ್ಚಿದೆ. ಅವರು ನಾಲ್ಕು ರೊಟ್ಟಿ ತೆಗೆದುಕೊಂಡು, ಅಲ್ಲೇ ಚಟ್ನಿ ಹಚ್ಚಿ, ಕಣ್ಣು ಮುಚ್ಚಿ ತಿಂದು, "ಏನ ಕೈ ಐತಿ ಆ ಯಮ್ಮಂದು" ಎಂದರು. ಮಾವನಿಗೆ ಸಿಟ್ಟು ಬಂತು. ಸಿಟ್ಟು ಸುಂಕಕ್ಕಲ್ಲ, ನಾಲ್ಕು ರೊಟ್ಟಿ ಹೋದದ್ದಕ್ಕೆ. ಆ ರೊಟ್ಟಿ ನನಗೆಂದು ಬರುತ್ತಿದ್ದರೂ ಅರ್ಧ ತಿನ್ನುತ್ತಿದ್ದವರು ಅವರು. ತಿನ್ನುವಾಗ ಮಾತ್ರ ಮೊಬೈಲ್ ಬದಿಗಿಡುತ್ತಿದ್ದರು. ಸಂಜೆಗೇ ದಪ್ಪ ಪೆನ್ನು ಬಂತು. ಕಂಪ್ಲಿಯ ರೊಟ್ಟಿಗೆ ವಿನಾಯಿತಿ! ಅಷ್ಟರಲ್ಲಿ ಸುದ್ದಿ ಕಂಡಕ್ಟರ್ ಬಾಯಿಂದ ಕಂಪ್ಲಿಗೆ ಮುಟ್ಟಿತ್ತು. ಅತ್ತೆ ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟು: "ನನ್ನ ರೊಟ್ಟಿ ಒಳಗ ಬರಾಕ ಇಷ್ಟು ಕಷ್ಟ ಐತೆಂದ್ರ, ನಾ ಬಂದ್ರ ಏನೇನು ಬಿಚ್ಚಿ ತೋರಸಬೇಕವಾ?"

ಇದನ್ನು ಮಾವನಿಗೆ ಹೇಳಿದಾಗ ಅವರು ಮೊಬೈಲ್ ಬದಿಗಿಟ್ಟರು. ಆಮೇಲೆ ಕೇಳಿದರು, "'ನಾ ಬಂದ್ರ' ಅಂದ್ಳಾ? ಹಂಗಾದ್ರ ಬರೂ ವಿಚಾರ ಐತಿ."

ಇಲ್ಲೊಂದು ವಿಷಯ ಹೇಳಬೇಕು. ಕಂಪ್ಲಿ ಬಸ್ಸು ನಿಲ್ಲುವ ಸ್ಟಾಪು ಹಿಂದಿನ ಓಣಿಯ ಆಚೆ ಇದೆ. ಮಾವ ದಿನಾ ಸಂಜೆ ಅಲ್ಲಿಗೆ ಹೋಗಿ ಚಹಾ ಕುಡಿಯುತ್ತಿದ್ದರು. ನಮ್ಮ ಓಣಿಯಲ್ಲಿ ಚಹಾ ಇಲ್ಲವೇ ಎಂದು ಯಾರೂ ಕೇಳುತ್ತಿರಲಿಲ್ಲ. ಬಸ್ಸು ಬಂದು ನಿಂತಾಗ, "ಬ್ರೇಕ್ ನೋಡು ಹ್ಯಾಂಗ ಒತ್ತತಾನ, ಲೈನರ್ ಸವಕೊಂಡು ಹೋಗೈತಿ" ಎಂದು ಡ್ರೈವರನನ್ನು ಬೈಯುತ್ತಿದ್ದರು. ಬಾಯಿ ಬ್ರೇಕಿನ ಬಗ್ಗೆ ಮಾತಾಡುತ್ತಿತ್ತು, ಕಣ್ಣು ಬಾಗಿಲಲ್ಲಿ ಇಳಿಯುವವರ ಮೇಲಿರುತ್ತಿತ್ತು. ಕೊನೆಯ ಪ್ರಯಾಣಿಕ ಇಳಿದು, ಬಾಗಿಲು ಮುಚ್ಚಿ, ಬಸ್ಸು ಡಿಪೋ ಕಡೆ ತಿರುಗಿದ ಮೇಲೆ ಚಹಾ ಆರಿರುತ್ತಿತ್ತು. ಆರಿದ ಚಹಾ ಕುಡಿದು ವಾಪಸು ಬರುತ್ತಿದ್ದರು.

ಒಂದು ಭಾನುವಾರ ನನ್ನನ್ನು ಹಂಪಿಗೆ ಕರೆದುಕೊಂಡು ಹೋದರು. ದೇವರ ದರ್ಶನಕ್ಕೆ ಎಂದುಕೊಂಡೆ. ಅಲ್ಲ, ಅಮೆರಿಕದವರ ದರ್ಶನಕ್ಕೆ. ನಾನು ದುಭಾಷಿ. ಹೊಳೆಯ ದಂಡೆಯಲ್ಲಿ ಹರಿಗೋಲಿಗೆ ಕಾಯುತ್ತ ಟೋಪಿ ಹಾಕಿಕೊಂಡ ಒಬ್ಬ ವೃದ್ಧರು ಕೂತಿದ್ದರು. ನಮ್ಮ ಪುಣ್ಯಕ್ಕೆ ಅಮೆರಿಕದವರೇ. ಮಾವ ಕೈಮುಗಿದು, ನಿಮ್ಮ ಅಧ್ಯಕ್ಷರಂಥವರು ಭೂಮಿ ಮೇಲಿಲ್ಲ ಎಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ವೃದ್ಧರು, ನಾನು ಅವರಿಗೆ ಓಟು ಹಾಕಿಲ್ಲ, ನನ್ನ ತಮ್ಮ ಹಾಕಿದ, ಅಂದಿನಿಂದ ನಾವಿಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡಿಲ್ಲ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಮಾವ ತಲೆ ಕೆರೆದುಕೊಂಡರು. ಅವರು ಮನೆಯಿಂದ ಎರಡು ಪ್ರಶ್ನೆ ಸಿದ್ಧ ಮಾಡಿಕೊಂಡು ಬಂದಿದ್ದರಂತೆ, ಒಂದು ಗೋಡೆಯ ಬಗ್ಗೆ, ಒಂದು ಗಣಿಯ ಬಗ್ಗೆ. ಅವೆರಡನ್ನೂ ಬಿಟ್ಟು ಕೇಳಿದರು:

"ತಮ್ಮನ್ನ ಹೋಗಿ ಕರೀಲಿಲ್ಲೇನು ಕೇಳವಾ."

ಕೇಳಿದೆ. ವೃದ್ಧರು ನಕ್ಕು, ಅವನೇ ಬರಲಿ ಎಂದು ಕಾಯುತ್ತಿದ್ದೇನೆ ಎಂದರು. ನಂತರ ಅವರು ಕೇಳಿದರು, ನಿಮ್ಮ ಮನೆಯಲ್ಲಿ ಹೇಗೆ, ಎಲ್ಲರಿಗೂ ಆ ಅಧ್ಯಕ್ಷರು ಇಷ್ಟವೇ?

ಮಾವ ಹೊಳೆಯ ಕಡೆ ನೋಡುತ್ತ ಹೇಳಿದರು, "ನಮ್ಮಾಕಿ ಕಂಪ್ಲಿಯಾಗ ಅದಾಳ. ಬರ್ತಾಳ ಅಂತ ಹೇಳು."

ನಾನು ಹಾಗೆಯೇ ಹೇಳಿದೆ. ಹರಿಗೋಲು ಬಂತು, ಅವರು ಆಚೆ ದಡಕ್ಕೆ ಹೋದರು. ವಾಪಸು ಬರುವಾಗ ಕಮಲಾಪುರ ದಾಟುವವರೆಗೂ ಮಾವ ಮಾತಾಡಲಿಲ್ಲ. ಅವರ ಆಯುಸ್ಸಿನಲ್ಲಿ ಅದೊಂದು ದಾಖಲೆ.

ಇಷ್ಟಾದ ಮೇಲೆ ಮನುಷ್ಯ ಬುದ್ಧಿ ಕಲಿಯಬೇಕಲ್ಲವೇ? ಮಾವ ಗೋಡೆ ಕಟ್ಟಿಸಿದರು.

ಹಿಂದಿನ ಓಣಿಯ ಹುಡುಗರು ಬೈಕು ಹತ್ತಿ ನಮ್ಮ ಓಣಿಯ ಬಾಲದಿಂದ ನುಗ್ಗಿ ಬಾಯಿಂದ ಹೊರಗೆ ಹೋಗುತ್ತಿದ್ದರು. ಓಣಿಯ ಬಾಲಕ್ಕೆ ಅಡ್ಡಗೋಡೆ ಹಾಕುವುದು, ಅದರ ಖರ್ಚನ್ನು ಹಿಂದಿನ ಓಣಿಯವರೇ ಕೊಡುವುದು ಎಂದು ಆದೇಶವಾಯಿತು. ಆದೇಶ ಕೇಳಿ ಹಿಂದಿನ ಓಣಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರೇ ಹೊರತು ಒಂದು ಇಟ್ಟಿಗೆ ಕಳಿಸಲಿಲ್ಲ. ಮಾವನೇ ಅಲ್ಲಿ ಇಲ್ಲಿ ಉಳಿದ ಇಟ್ಟಿಗೆ ಕೂಡಿಸಿ ಸೊಂಟದೆತ್ತರ ಎಬ್ಬಿಸಿದರು, ಅಲ್ಲಿಗೆ ಇಟ್ಟಿಗೆ ಮುಗಿಯಿತು. ಬೈಕುಗಳು ನಿಂತದ್ದು ನಿಜ. ಆದರೆ ಸೊಂಟದೆತ್ತರದ, ಬೇವಿನ ನೆರಳಿನ, ಬೆನ್ನಿಗೆ ಗಾಳಿ ಬೀಸುವ ಗೋಡೆ ಎಂದರೆ ಏನು ಹೇಳಿ? ಕಟ್ಟೆ! ಎರಡೂ ಓಣಿಯ ಮುದುಕರು ಮುಂಜಾನೆಯಿಂದ ಅಲ್ಲೇ ಠಿಕಾಣಿ ಹೂಡಿದರು. ನಮ್ಮ ಕಡೆಯವರು ಆ ಕಡೆ ಕಾಲು ಇಳಿಬಿಟ್ಟು, ಆ ಕಡೆಯವರು ಈ ಕಡೆ ಕಾಲು ಇಳಿಬಿಟ್ಟು ಎಲೆ ಅಡಿಕೆ ಹಂಚಿಕೊಂಡರು. ಎರಡು ಓಣಿಗಳನ್ನು ಬೇರೆ ಮಾಡಲು ಕಟ್ಟಿದ ಗೋಡೆಯ ಮೇಲೆ ಎರಡು ಸಂಬಂಧಗಳು ಕುದುರಿದವು. ಮಾವನ ಆಡಳಿತದಲ್ಲಿ ಉಳಿದು ಬಂದ ಒಂದೇ ಒಂದು ಸಾಧನೆ ಎಂದರೆ ಅದೇ. ಅದೂ ಅವರು ಉದ್ದೇಶಿಸಿದ್ದಲ್ಲ.

ಆ ವರ್ಷ ಡ್ಯಾಮ್ ತುಂಬಿತು. "ನಾ ಬಂದಮ್ಯಾಲ ತುಂಬೈತಿ" ಎಂದರು ಮಾವ. ಓಣಿಯ ಒಬ್ಬಾಕೆಗೆ ಅವಳಿ ಮಕ್ಕಳಾದವು. ಅದಕ್ಕೂ "ನಮ್ಮ ಕಾಲದಾಗ ಎಲ್ಲಾ ಡಬಲ್" ಎಂದರು. ಅವಳ ಗಂಡನಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ.

ಇಷ್ಟೆಲ್ಲದರ ನಡುವೆ ಒಂದು ಶುಕ್ರವಾರ ಮಧ್ಯಾಹ್ನ ಅತ್ತೆ ಬಂದರು.

ಯಾರಿಗೂ ಹೇಳದೆ ಬಂದರು. ನನಗೂ ಹೇಳಿರಲಿಲ್ಲ. ಕಂಪ್ಲಿ ಬಸ್ಸಿಳಿದು, ಒಂದು ಕೈಯಲ್ಲಿ ಬಟ್ಟೆ ಚೀಲ, ಇನ್ನೊಂದು ಕೈಯಲ್ಲಿ ಅಕ್ಕಿಯ ಕೈಚೀಲ ಹಿಡಿದು, ಮದುವೆಯಾಗಿ ಬಂದಂದಿನಿಂದ ನಡೆದ ಹಾದಿಯಲ್ಲೇ, ಹಿಂದಿನ ಓಣಿ ದಾಟಿ ನಮ್ಮ ಓಣಿಯ ಬಾಲಕ್ಕೆ ಬಂದರೆ ಎದುರಿಗೆ ಗೋಡೆ. ಗೋಡೆಯ ಮೇಲೆ ಸಾಲಾಗಿ ಮುದುಕರು. ಓಣಿಗೆ ಬರುವ ಯಾರ್ಯಾರನ್ನೋ ತಡೆಯುವ ಯೋಚನೆ ಮಾಡಿದ ಮಾವ, ತನ್ನ ಹೆಂಡತಿ ಬರುವ ಹಾದಿ ಯಾವುದು ಎಂದು ಯೋಚಿಸಿರಲೇ ಇಲ್ಲ. ದಿನಾ ಸಂಜೆ ಆ ಬಸ್ಸಿಗೆ ಕಾದವರು!

ಮುದುಕರಲ್ಲೊಬ್ಬರು, "ಸುತ್ತು ಹಾಕ್ಕೊಂಡು ಮೇನ್ ರೋಡಿಂದ ಬಾರವಾ" ಎಂದರಂತೆ. ಅತ್ತೆ ಗೋಡೆಯ ಮೇಲೆ ಅಕ್ಕಿಯ ಚೀಲ ಇಟ್ಟರಂತೆ. "ಗೋಡಿ ಚಲೋ ಐತಿ ಅಂತ ಹೇಳ್ರಿ ಅವರಿಗೆ" ಎಂದು ತಿರುಗಿ ಹೋದರಂತೆ. ನಾನು ಕಾಲೇಜಿನಿಂದ ಬಂದಾಗ ಅಕ್ಕಿಯ ಚೀಲ ಅಡುಗೆಮನೆಯ ಬಾಗಿಲಲ್ಲಿತ್ತು, ಮಾವ ಅದರ ಪಕ್ಕ ನೆಲದ ಮೇಲೆ ಕೂತಿದ್ದರು.

ತಪ್ಪಾಯಿತು ಎಂದು ಒಪ್ಪುವುದು ಅಧ್ಯಕ್ಷರ ಪದ್ಧತಿಯಲ್ಲ. ಮರುದಿನ ಇಸ್ತ್ರಿ ಅಂಗಡಿಯ ಮುಂದೆ ನಿಂತು ಹೇಳಿದರು, "ಗೋಡಿ ತನಕ ಬಂದಿದ್ಲು. ಇಷ್ಟು ಹತ್ರ ಆಕಿನ್ನ ಯಾರೂ ಕರಸಿಲ್ಲ." ಯಾರೂ ನಗಲಿಲ್ಲ. ನಮ್ಮ ಓಣಿಯವರು ಒಳ್ಳೆಯವರು.

ಮುಂದಿನ ಚುನಾವಣೆಯಲ್ಲಿ ಮಾವ ಸೋತರು. ಎಣಿಕೆಗೆ ಮೊದಲೇ ಗೆದ್ದೆನೆಂದು ಘೋಷಿಸಿ ಪೇಢೆ ಹಂಚಿಬಿಟ್ಟಿದ್ದರು, ಹಾಗಾಗಿ ಅವರು ಸೋತಾಗ ಪೇಢೆ ತಿಂದವರಿಗೇ ಮುಜು­ಗರವಾಯಿತು. ಮತ್ತೆ ಎಣಿಸಿ ಎಂದರು, ಎಣಿಸಿದರು. ಇನ್ನೊಮ್ಮೆ ಎಂದರು, ಇನ್ನೊಮ್ಮೆ ಎಣಿಸಿದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕಾದರು. ಸಂಘದ ತಿರುಗುವ ಕುರ್ಚಿ ನಮ್ಮ ಮನೆಯಲ್ಲಿತ್ತು; ಅದನ್ನು ಕೊಡುವುದಿಲ್ಲ ಎಂದು ಮಾವ ಅದರ ಮೇಲೆಯೇ ಕೂತು, ಅದರ ಮೇಲೆಯೇ ಉಂಡು, ಅದರ ಮೇಲೆಯೇ ನಿದ್ದೆ ಮಾಡಿದರು. ಮೇಷ್ಟ್ರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಲ್ಲಿಯ ವಾಲ್ವು ದುರಸ್ತಿ ಮಾಡಿಸಿದರು.

ಆ ಸೆಮಿಸ್ಟರಿನ ನನ್ನ ಪರೀಕ್ಷೆಯಲ್ಲಿ ಜನಪ್ರಿಯ ನಾಯಕತ್ವ ಎಂದರೇನು, ಉದಾಹರಣೆ ಸಹಿತ ವಿವರಿಸಿ ಎಂದು ಕೇಳಿದ್ದರು. ಎಲ್ಲರೂ ಬೇರೆ ಬೇರೆ ದೇಶಗಳ ಉದಾಹರಣೆ ಬರೆದು ಬಂದರು. ನಾನು ಹೆಚ್ಚುವರಿ ಹಾಳೆ ತೆಗೆದುಕೊಂಡೆ. ಇಂಥ ನಾಯಕರನ್ನು ಜನ ಆರಿಸುವುದು ಅವರ ಸುಳ್ಳನ್ನು ನಂಬಿ ಅಲ್ಲ, ಕಳೆದುಹೋದದ್ದರ ಬಗ್ಗೆ ಅವರ ಜೊತೆ ಸೇರಿ ಹಂಬಲಿಸುವುದಕ್ಕೆ ಎಂದು ಬರೆದೆ. ಅದನ್ನು ಯಾವ ಪುಸ್ತಕದಿಂದ ತೆಗೆದೆ ಎಂದು ಯಾರಾದರೂ ಕೇಳಿದ್ದರೆ ಕಾಲುವೆ ಓಣಿಯ ವಿಳಾಸ ಕೊಡುತ್ತಿದ್ದೆ.

ಮಾವ ಕುರ್ಚಿ ಬಿಟ್ಟದ್ದು ಯಾರ ಒತ್ತಾಯಕ್ಕೂ ಅಲ್ಲ. ಒಂದು ಮುಂಜಾನೆ ಅತ್ತೆ ನನಗೆ ಫೋನ್ ಮಾಡಿದರು. ಊಟ, ಓದು ಎಲ್ಲ ವಿಚಾರಿಸಿದ ಮೇಲೆ, "ಅಧ್ಯಕ್ಷಗಿರಿ ಹೋತಂತ ಹೌದೇನು? ಮನಸಿಗೆ ಹಚ್ಚಿಕೊಬ್ಯಾಡ್ರಿ ಅಂತ ಹೇಳು" ಎಂದರು. ಫೋನು ಸ್ಪೀಕರಿನಲ್ಲಿತ್ತು. ಮಾವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ ಗೋಡೆಯ ಕಡೆ ಮುಖ ಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು, ನಡು ಓಣಿಯಲ್ಲಿ ಎಲ್ಲರೂ ನೋಡುವಂತೆ ಮೇಷ್ಟ್ರ ಮನೆಗೆ ಹೋದರು.

"ಕುಂದ್ರಿ, ಚಾ ಕುಡದು ಹೋಗ್ರಿ" ಎಂದರು ಮೇಷ್ಟ್ರು.

"ಬ್ಯಾಡ. ಹಾರಿ ಇದ್ರ ಕೊಡ್ರಿ" ಎಂದರು ಮಾವ.

ಮೇಷ್ಟ್ರ ಮನೆಯ ಕಬ್ಬಿಣದ ಹಾರೆ ಹಿಡಿದು ನೇರ ಓಣಿಯ ಬಾಲಕ್ಕೆ ಹೋದರು. ಮುದುಕರನ್ನು ಸರಿಸಿ, ಗೋಡೆಯ ನಡುವೆ ಎರಡು ಚೀಲ ಹಿಡಿದ ಒಂದು ಹೆಣ್ಣುಮಗಳು ಆರಾಮಾಗಿ ದಾಟುವಷ್ಟು ಜಾಗ ಬಿಡಿಸಿದರು. ಕೂರುವ ಜಾಗ ಹೋಯಿತೆಂದು ಮುದುಕರು ಗದ್ದಲ ಮಾಡಿದರು. "ಗೋಡಿ ಕೆಡವಾಕತ್ತೀಯೇನಪಾ" ಎಂದು ಒಬ್ಬರು ಕೇಳಿದರು.

"ಕೆಡವಾಕತ್ತಿಲ್ಲ. ಗೇಟ್ ಮಾಡಾಕತ್ತೀನಿ. ಇಂಥಾ ಗೇಟ್ ಹೊಸಪೇಟಿಯಾಗ ಯಾರೂ ಮಾಡಿಲ್ಲ."

ಆದರೆ ಗೇಟಿನ ಫೋಟೊ ಕಂಪ್ಲಿಗೆ ಕಳಿಸು ಎಂದು ಮಾತ್ರ ನನಗೆ ಹೇಳಲಿಲ್ಲ. ನಾನೂ ಕಳಿಸಲಿಲ್ಲ.

ನನ್ನ ಪದವಿ ಪ್ರಮಾಣಪತ್ರ ಬಂದಿದೆ ಎಂದು ಕಾಲೇಜಿನಿಂದ ಫೋನ್ ಬಂದ ದಿನ ಮಾವನೂ ಜೊತೆಗೆ ಬಂದರು. ಆಫೀಸಿನ ಕಿಂಡಿಯಿಂದ ಅದನ್ನು ಕೊಟ್ಟ ಗುಮಾಸ್ತರು ತಲೆ ಎತ್ತಿ ನೋಡಲೂ ಇಲ್ಲ. ಅವರ ಪಾಲಿಗೆ ಅದು ಅಂದಿನ ನೂರರಲ್ಲಿ ಒಂದು. ನನ್ನ ಪಾಲಿಗೆ ಅದು ಅಪ್ಪನ ಬೆನ್ನು, ಅವ್ವ ಮಾರಿದ ಎಮ್ಮೆ, ಹಾಲ್ ಟಿಕೆಟ್ ತರಲು ಹೋದ ದಿನ ಹಾಕಿಕೊಂಡ ಗೆಳತಿಯ ಚಪ್ಪಲಿ. ಅಪ್ಪ ಅವ್ವನಿಗೆ ಫೋನಿನಲ್ಲಿ ತೋರಿಸಿದೆ. ಅವ್ವ ಅತ್ತಳು, ಅಪ್ಪ ಶಿಫ್ಟಿಗೆ ಹೊತ್ತಾಯಿತೆಂದು ಆ ಕಡೆ ತಿರುಗಿಕೊಂಡ.

"ಮೊದಲ ಎಲ್ಲಿಗೆ ಹೋಗೂದು?" ಎಂದರು ಮಾವ.

"ಕಂಪ್ಲಿಗೆ."

"ಹೋಗಿ ಬಾ. ನನಗೇನು ಕೆಲಸ ಅಲ್ಲಿ."

ಹಾಗೆ ಹೇಳುತ್ತಲೇ ನನಗಿಂತ ಮೊದಲು ಬಸ್ಸು ಹತ್ತಿದರು. ಡ್ರೈವರನ ಹಿಂದಿನ ಸೀಟಿನಲ್ಲೇ ಕೂತರು. ಬುಕ್ಕಸಾಗರದ ತಿರುವಿನಲ್ಲಿ ಡ್ರೈವರ್ ಎಲ್ಲರೂ ಮುಂದಕ್ಕೆ ಮುಗ್ಗರಿಸುವ ಹಾಗೆ ಬ್ರೇಕ್ ಒತ್ತಿದ. ಮಾವ ಬ್ರೇಕಿನ ಮಾತೇ ಎತ್ತಲಿಲ್ಲ. ಎರಡೂ ಕಡೆ ನಾಟಿ ಮಾಡಿದ ಗದ್ದೆ ಹಸಿರಾಗಿತ್ತು. ಅವರು ಅದನ್ನೂ ನೋಡುತ್ತಿರಲಿಲ್ಲ. ಅಂಗಿಯ ಕಾಲರನ್ನು ಮತ್ತೆ ಮತ್ತೆ ಸರಿ ಮಾಡಿಕೊಳ್ಳುತ್ತಿದ್ದರು.

ಅತ್ತೆ ಪಡಸಾಲೆಯಲ್ಲಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಪಕ್ಕದಲ್ಲಿ ಅವರ ತಾಯಿ, ನೆರೆಮನೆಯ ಇಬ್ಬರು ಹೆಂಗಸರು. ನನ್ನನ್ನು ನೋಡಿ ಏಳಹೋದವರು ಹಿಂದೆ ಬಾಗಿಲಲ್ಲಿ ನಿಂತವರನ್ನು ನೋಡಿ ಅರ್ಧಕ್ಕೇ ಕೂತರು. ನಾನು ಹೋಗಿ ಪ್ರಮಾಣಪತ್ರವನ್ನು ಅವರ ಮುಂದೆ ಹಿಡಿದೆ. ಅತ್ತೆಗೆ ಓದಲು ಬಾರದು. ಅವರು ಅದರ ಮೇಲಿದ್ದ ನನ್ನ ಫೋಟೊವನ್ನೇ ಬಹಳ ಹೊತ್ತು ನೋಡಿದರು.

ನೆರೆಮನೆಯಾಕೆ ಮಾವನ ಕಡೆ ತಿರುಗಿ ಕೇಳಿದರು, "ಎಷ್ಟು ಚಲೋ ಓದಿಸೀರಿ ಯಣ್ಣ. ಎಲ್ಲಾ ನಿಮ್ಮದ ಅಲ್ಲೇನು?"

ನಾನು ಮಾವನ ಮುಖ ನೋಡಿದೆ. ಡ್ಯಾಮ್ ತುಂಬಿಸಿದವರು, ಅವಳಿ ಮಕ್ಕಳನ್ನು ಹುಟ್ಟಿಸಿದವರು.

"ನಾ ಏನೂ ಮಾಡಿಲ್ಲವಾ" ಎಂದರು ಮಾವ. ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. "ಓದಸಬೇಕು ಅಂದಾಕಿ ಈಕಿ. ಇಲ್ಲಿಂದ ರೊಟ್ಟಿ ಕಳಿಸಿದಾಕಿ ಈಕಿ. ನಾನೂ ಅದ್ನ ತಿಂದು ಬದುಕೀನಿ."

ಒಲೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಯಾರೂ ಅದನ್ನು ತಿರುವಲಿಲ್ಲ.

ನಾನು ಪ್ರಮಾಣಪತ್ರವನ್ನು ಅತ್ತೆಯ ಕೈಗೆ ಕೊಡಹೋದೆ. ಅವರು ಎರಡೂ ಕೈ ಹಿಂದೆ ತೆಗೆದುಕೊಂಡು ಮಾವನ ಕಡೆ ಗದ್ದ ಎತ್ತಿ ತೋರಿಸಿದರು. ಮಾವ ಒಳಗೆ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು, ಬಿಸಿ ತಾಟು ಹಿಡಿದ ಹಾಗೆ, ಅಂಚಿನಲ್ಲಿ. ಅತ್ತೆ ಅವರ ಮುಖ ನೋಡದೆ ಸುಟ್ಟ ರೊಟ್ಟಿಯನ್ನು ಹೆಂಚಿನಿಂದ ಎತ್ತುತ್ತ ಹೇಳಿದರು:

"ನನ್ನ ಕೈ ಹಿಟ್ಟಾಗೈತಿ, ನೀವ ಹಿಡಕೊಳ್ರಿ. ಮಡಚಬ್ಯಾಡ್ರಿ ಮತ್ತ. ಮನಿಗೆ ಹೋದಮ್ಯಾಲ ನಾನ ಜಾಗ ನೋಡಿ ಇಡ್ತೀನಿ."